ಬೈರಮ್ಮನವರ ಬಳಿ ಇದ್ದ ತೂಬಿನ ಬೀಗದಕೈ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಹತ್ತನೇ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದಾಗ ಕೈ ತಡೆಯುತ್ತದೆ, ಬೇಕಾದ ಮಾತು ಬೇಕಾದ ಹೊತ್ತಿಗೆ ಸಿಗುವುದಿಲ್ಲ. ನಮ್ಮ ಲೈಬ್ರರಿಯ ಕೈಬರಹದ ಪತ್ರಿಕೆಗೆ ಬಡಾವಣೆಯ ಯಾರಾದರೂ ಒಬ್ಬರ ಬಗ್ಗೆ ಬರೆದುಕೊಡು ಎಂದು ಕೇಳಿದಾಗ ಬೈರಮ್ಮನವರ ಹೆಸರು ಹೇಳಿಬಿಟ್ಟೆ. ಹೇಳಿದ ಮೇಲೆ ಹೆದರಿಕೆಯಾಯಿತು. ಬೈರಮ್ಮನವರು ನಾವಿರುವ ಬಾಡಿಗೆ ಮನೆಯ ಮಾಲೀಕರು. ಮುಂದೆ ಬರುವ ಈಶ್ವರಮ್ಮ ಎಂದರೆ ನನ್ನ ಅಮ್ಮ. ಅಮ್ಮ ಎಂದು ಬರೆದರೆ ಎಲ್ಲಿ ಅಮ್ಮನ ಕಡೆಗೇ ವಾಲಿಬಿಡುತ್ತೇನೋ ಎಂದು ಹೆಸರಿಟ್ಟೇ ಬರೆದಿದ್ದೇನೆ, ನನ್ನನ್ನೂ ಮಗಳು ಎಂದಷ್ಟೇ ಬರೆದಿದ್ದೇನೆ. ಬೈರಮ್ಮನವರ ಮನಸ್ಸಿನೊಳಗೆ ಏನಿತ್ತು ಎಂಬುದನ್ನು ಅವರೇ ನನಗೆ ಹೇಳಿದ್ದಾರೆ, ಬರಿ ಎಂದೂ ಹೇಳಿದ್ದಾರೆ.

ಕುಮಾರಸ್ವಾಮಿ ಲೇಔಟಿನ ಇಳಿಜಾರು ಎಲ್ಲಿ ಮುಗಿಯುತ್ತದೋ ಅಲ್ಲಿ ಹೊಂಗೆಕೆರೆ ಇದೆ. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಜೊಂಡು, ಹಕ್ಕಿ. ಇನ್ನೊಂದು ಕಡೆ, ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿ, ಮನೆಗಳ ತಾರಸಿ. ಆ ತಾರಸಿಗಳಿರುವ ಜಾಗ ಒಂದು ಕಾಲಕ್ಕೆ ಗದ್ದೆ. ಬೈರಮ್ಮ ಮದುವೆಯಾಗಿ ಬಂದ ವರ್ಷ ಅಲ್ಲಿ ನಾಟಿ ಹಾಕಿದ್ದರು. ಅವರ ಮಾವ ಕೆರೆಯ ನೀರಗಂಟಿ, ಅಂದರೆ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುತ್ತಿದ್ದವರು. ಆಮೇಲೆ ಲೇಔಟು ಬಂತು, ಗದ್ದೆಗಳು ಸೈಟುಗಳಾದವು. ಬೈರಮ್ಮನ ಗಂಡ ತಿಮ್ಮರಾಯಪ್ಪ ತಮಗೆ ಉಳಿದ ತುಂಡಿನಲ್ಲಿ ಸಾಲಾಗಿ ಬಾಡಿಗೆ ಮನೆಗಳನ್ನು ಕಟ್ಟಿಸಿದರು. ತಾವು ಮಾತ್ರ ಏರಿಯ ಪಕ್ಕದ ದಿಣ್ಣೆಯ ಮೇಲಿನ ಹಳೇ ಮನೆಯಲ್ಲೇ ಉಳಿದರು. ಸಾಲುಮನೆಗಳ ಆ ಬೀದಿಯನ್ನು ಈಗಲೂ ಎಲ್ಲರೂ 'ಕೆಳಗಿನ ಗದ್ದೆ' ಎಂದೇ ಕರೆಯುವುದು. ಆಟೋದವರಿಗೆ ಹೇಳುವಾಗಲೂ ಹಾಗೇ.

ಕೆರೆಯನ್ನು ಹಕ್ಕಿಗಳಿಗಾಗಿ ಕಾಯಬೇಕೆಂದು ಸುತ್ತ ಬೇಲಿ ಬಿದ್ದಾಗ ಬೈರಮ್ಮ ಮೊದಲು ಮಾಡಿದ್ದು ಜಗಳ. ಆಗ ಅವರಿಗೆ ಎರಡು ಹಸುಗಳಿದ್ದವು. ಕೆರೆಯಂಗಳದ ಹುಲ್ಲು ಬಿಟ್ಟರೆ ಅವಕ್ಕೆ ಬೇರೆ ಗತಿಯಿರಲಿಲ್ಲ. ಗೇಟಿನಲ್ಲಿ ಎದುರಾದವರು ಗೌರೀಶಂಕರ. ದಾವಣಗೆರೆ ಕಡೆಯಿಂದ ಬಂದು ಜೆ.ಪಿ. ನಗರದಲ್ಲಿ ನೆಲೆನಿಂತ, ನಿವೃತ್ತರಾದ ಕಾಲೇಜು ಮೇಷ್ಟ್ರು. ಭಾನುವಾರ ಬೆಳಿಗ್ಗೆ ಕೆರೆಯ ಕೆಲಸಕ್ಕೆ ಬರುವ ಸ್ವಯಂಸೇವಕರ ಗುಂಪನ್ನು ಕಟ್ಟಿದವರೇ ಅವರು.

"ಏನ್ ಸಾರ್, ನಮ್ಮ ಕೆರೆಗೆ ನಾವು ಇಳಿಯೋಕೆ ನಿಮ್ಮ ಪರ್ಮಿಶನ್ ಬೇಕಾ? ನಮ್ಮ ಹಸು ಏನು ಹಕ್ಕಿ ತಿನ್ನುತ್ತಾ?"

"ತಿನ್ನಲ್ಲಮ್ಮ, ಗೂಡು ತುಳಿಯುತ್ತೆ. ಭಾನುವಾರ ಬನ್ನಿ. ನಾವು ಕೊಯ್ದಿದ್ದನ್ನೆಲ್ಲ ನೀವೇ ತಗೊಂಡ್ಹೋಗಿ."

"ಕೊಯ್ಯೋರು ಯಾರು, ನೀವಾ? ಕುಡುಗೋಲು ಹಿಡಿದಿರೋದು ನೋಡಿದ್ರೆ ಪೆನ್ನು ಹಿಡ್ದಂಗಿದೆ."

"ಅದಕ್ಕೇ ಬನ್ನಿ ಅಂದಿದ್ದು."

ಹಾಗೆ ಹುಲ್ಲಿಗೆಂದು ಹೋದವರು, ಹಸುಗಳನ್ನು ಮಾರಿದ ಮೇಲೂ ಭಾನುವಾರ ತಪ್ಪಿಸಲಿಲ್ಲ. ತಿಮ್ಮರಾಯಪ್ಪ ಜಗಲಿಯ ಕುರ್ಚಿಯಲ್ಲಿ ಕೂತು, "ಹೊರಟ್ಲು ನೋಡು, ಬಾತುಕೋಳಿಗೆ ಬಾಣಂತನ ಮಾಡೋಕೆ," ಎಂದು ರೇಗಿಸುತ್ತಿದ್ದರು. ಬೈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದುಬಿಡುತ್ತಿದ್ದರು.

ಕೆರೆಗೆ ಅದರದೇ ಕಾಲಗಳಿವೆ. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ನೀರು ಹಿಂದೆ ಸರಿಯುತ್ತದೆ, ಸತ್ತ ಮೀನು ದಡಕ್ಕೆ ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಚಿ ತೆಗೆಯಬೇಕು. ಆಷಾಢದಲ್ಲಿ ಹುಡುಗರು ಗಾಳಿಪಟ ಬಿಡುತ್ತಾರೆ. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಮರಗಳಿಗೆ ಸುತ್ತಿಕೊಂಡು ಹಕ್ಕಿಗಳ ರೆಕ್ಕೆ ಕುಯ್ಯುತ್ತದೆ. ಅದನ್ನು ಉದ್ದನೆಯ ಬಿದಿರಿನ ಕೋಲಿನಿಂದ ಬಿಡಿಸಬೇಕು. ಗಣೇಶನ ಹಬ್ಬದಲ್ಲಿ ಗೇಟಿನ ಬಳಿ ನಿಂತು, "ಕೆರೆಗಲ್ಲಣ್ಣ, ಆ ಕಡೆ ಕಲ್ಯಾಣಿ ಕಟ್ಟಿಸಿದ್ದಾರೆ, ಅಲ್ಲಿ ಬಿಡಿ," ಎಂದು ಗಂಟಲು ಹರಿಯುವಂತೆ ಕೂಗಬೇಕು. ಕಾರ್ತಿಕದ ಚಳಿಗೆ ದೂರದ ಬಾತುಗಳು ಬಂದಿಳಿದಾಗ ಮಾತ್ರ ಯಾರಿಗೂ ಕೆಲಸವಿಲ್ಲ. ಮೇಷ್ಟ್ರು ದುರ್ಬೀನು ಕಣ್ಣಿಗೊತ್ತಿಕೊಂಡು ಬಿಡುತ್ತಾರೆ, ಬೈರಮ್ಮ ಎಲ್ಲರಿಗೂ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಾರೆ.

ಮಳೆಗಾಲದ ಕೆಲಸವೆಂದರೆ ಕಳೆ ಕೀಳುವುದು. ನೀರಿನ ಮೇಲೆ ಹಬ್ಬುವ ಅಂತರಗಂಗೆಯನ್ನು ಎಳೆದೆಳೆದು ದಡಕ್ಕೆ ಎಸೆಯಬೇಕು. ಹೋದ ವರ್ಷ ಹಾಗೆ ಎಳೆಯುವಾಗಲೇ ಬೈರಮ್ಮನ ಕೈಯಿಂದ ಒಂದು ಅನಾಹುತವಾಯಿತು. ಮುಳುಗುಕೋಳಿ ಎಂದು ಅವರು ಕರೆಯುವ ಒಂದು ಪುಟ್ಟ ಹಕ್ಕಿಯಿದೆ. ಮೇಷ್ಟ್ರು ಅದಕ್ಕೆ ಗುಳುಮುಳುಕ ಎನ್ನುತ್ತಾರೆ. ಅದರ ಗೂಡು ಮರದ ಮೇಲಲ್ಲ, ಜೊಂಡಿಗೆ ಸಿಕ್ಕಿಸಿಕೊಂಡು ನೀರಿನ ಮೇಲೇ ತೇಲುತ್ತದೆ. ಹಕ್ಕಿ ಮೇವಿಗೆ ಹೋಗುವಾಗ ಮೊಟ್ಟೆಗಳ ಮೇಲೆ ಹಸಿ ಕಳೆ ಎಳೆದು ಮುಚ್ಚಿ ಹೋಗುತ್ತದೆ. ನೋಡುವವರ ಕಣ್ಣಿಗೆ ಅದೊಂದು ಕಸದ ಗುಪ್ಪೆ. ಬೈರಮ್ಮ ಎರಡೂ ಕೈಯಿಂದ ಬಾಚಿ ದಡಕ್ಕೆ ಎಸೆದರು. ಮೊಟ್ಟೆಗಳು ಮಣ್ಣಿಗೆ ಬಿದ್ದು ಒಡೆದಾಗಲೇ ತಿಳಿದದ್ದು. ಒಂದರೊಳಗೆ ಮರಿ ಮೂಡಿತ್ತು, ಕೊಕ್ಕಿನ ತುದಿ ಬಿಳಿಯಾಗಿ ಕಾಣುತ್ತಿತ್ತು. ಹಕ್ಕಿ ಬಂದು ಗೂಡಿದ್ದ ಜಾಗದ ಸುತ್ತ ಮುಳುಗುತ್ತ ಏಳುತ್ತ ಹುಡುಕಿತು. ಕತ್ತಲಾಗುವವರೆಗೂ ಹುಡುಕುತ್ತಲೇ ಇತ್ತು.

ಊರಿನಲ್ಲಿ ಇದು ನಗೆಚಾಟಿಕೆಯಾಯಿತು. ಕೆಳಗಿನ ಗದ್ದೆಯಲ್ಲೇ ಇರುವ ಬೈರಮ್ಮನ ವಾರಗಿತ್ತಿ ಮುನಿಯಕ್ಕ ಸಿಕ್ಕಾಗಲೆಲ್ಲ, "ಏನ್ ಬೈರಕ್ಕ, ಇವತ್ತು ಆಮ್ಲೆಟ್ಟಾ?" ಎನ್ನುತ್ತಿದ್ದರು. ಬೈರಮ್ಮ ನಕ್ಕಂತೆ ಮಾಡುತ್ತಿದ್ದರು. ಊಟಕ್ಕೆ ಕೂತಾಗ ಒಮ್ಮೊಮ್ಮೆ ಆ ಬಿಳಿ ಕೊಕ್ಕು ನೆನಪಾಗಿ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದರು.

ಈ ವರ್ಷ ಅವರು ಕಳೆ ಕೀಳುವುದಕ್ಕೆ ಮುಂಚೆಯೇ ಒಂದು ಹಳೇ ಕೆಂಪು ಸೀರೆಯನ್ನು ಪಟ್ಟಿಪಟ್ಟಿಯಾಗಿ ಹರಿದರು. ಹರಿಗೋಲಿನಲ್ಲಿ ಹೋಗಿ, ಗೂಡು ಕಂಡ ಕಡೆಯ ಜೊಂಡಿಗೆಲ್ಲ ಒಂದೊಂದು ಪಟ್ಟಿ ಕಟ್ಟಿದರು. ಕೆಂಪು ಕಂಡರೆ ಕೈ ಹಾಕುವಂತಿಲ್ಲ ಎಂದು ಗುಂಪಿಗೆಲ್ಲ ಹೇಳಿದರು. ಅದರಲ್ಲಿ ಎರಡು ಗೂಡು ಮುಳುಗುಕೋಳಿಯವು. ನವರಾತ್ರಿ ಶುರುವಾಗುವ ಹೊತ್ತಿಗೆ ಹಕ್ಕಿಗಳು ಕಾವಿಗೆ ಕೂತು ಸಾಕಷ್ಟು ದಿನವಾಗಿತ್ತು. ಇನ್ನೇನು ಈ ವಾರ ಮರಿ ಒಡೆಯಬಹುದು ಎಂದು ಮೇಷ್ಟ್ರು ಹೇಳಿದ್ದರು.

ಆಗ ಹಿಡಿದುಕೊಂಡಿತು ಮಳೆ.

ಎಷ್ಟೋ ವರ್ಷದ ಮೇಲೆ ಹೊಂಗೆಕೆರೆ ಕೋಡಿ ಬಿತ್ತು. ತುಂಬಿದ ಕೆರೆ ಅಂಚಿನ ಕಲ್ಲುಗಳ ಮೇಲಿನಿಂದ ಹರಿಯತೊಡಗಿತು. ಮೊದಲಾಗಿದ್ದರೆ ಆ ನೀರು ಗದ್ದೆಗೆ ಹೋಗುತ್ತಿತ್ತು. ಈಗ ಕೆಳಗಿನ ಗದ್ದೆಯ ಬೀದಿಗೆ ಬಂತು. ತೂಬು ಎತ್ತಿದರೆ ನೀರು ಇನ್ನೊಂದು ಕಡೆಯ ದೊಡ್ಡ ಕಾಲುವೆಗೆ ಬಿದ್ದು ಕೆರೆಯ ಮಟ್ಟ ಇಳಿಯುತ್ತದೆ, ಕೋಡಿ ನಿಲ್ಲುತ್ತದೆ. ತೂಬಿಗೆ ಈಗ ಕಬ್ಬಿಣದ ಬಾಗಿಲಿದೆ, ಮೇಲೆ ತಿರುಗಿಸುವ ಚಕ್ರ, ಚಕ್ರಕ್ಕೆ ಸರಪಳಿ, ಸರಪಳಿಗೆ ಬೀಗ. ಅದರ ಬೀಗದಕೈಯನ್ನು ಮೇಷ್ಟ್ರು, ಹತ್ತಿರದ ಮನೆಯವರು, ನೀರಗಂಟಿಯ ಸೊಸೆ ಎಂದು ಬೈರಮ್ಮನಿಗೇ ಕೊಟ್ಟಿದ್ದರು. ಅದು ಅವರ ದೇವರ ಗೂಡಿನಲ್ಲಿ, ಮಾವನ ಫೋಟೋದ ಕೆಳಗೆ ನೇತಾಡುತ್ತಿತ್ತು.

ಶನಿವಾರ ಬೆಳಿಗ್ಗೆ ಕೆಳಗಿನ ಗದ್ದೆಯವರೆಲ್ಲ ಛತ್ರಿ ಹಿಡಿದುಕೊಂಡು ದಿಣ್ಣೆ ಹತ್ತಿ ಬಂದರು. ಮುನಿಯಕ್ಕ ಮುಂದೆ. ಮಧ್ಯದ ಮನೆಯಲ್ಲಿ ಬಾಡಿಗೆಗಿರುವ ರೇವಂತ್ ಪ್ಯಾಂಟನ್ನು ಮೊಣಕಾಲಿಗೆ ಮಡಿಸಿದ್ದ. ಕೊನೆಯ ಮನೆಯ ಈಶ್ವರಮ್ಮ ಎಲ್ಲರ ಹಿಂದೆ. ಗಂಡ ತೀರಿಕೊಂಡ ಮೇಲೆ ಅವರು ಕತ್ರಿಗುಪ್ಪೆಯ ಸೀರೆ ಅಂಗಡಿಗಳಿಂದ ಸೀರೆ ತಂದು, ಫಾಲ್ಸ್ ಹೊಲಿದು, ಸೆರಗಿಗೆ ರೇಷ್ಮೆ ದಾರದ ಕುಚ್ಚು ಕಟ್ಟಿಕೊಡುತ್ತಿದ್ದರು. ಮಗಳೂ ಶಾಲೆ ಬಿಟ್ಟು ಅದನ್ನೇ ಕಲಿಯುತ್ತಿದ್ದಳು. ಹಬ್ಬದ ಸಮಯ, ಮನೆ ತುಂಬ ಬೇರೆಯವರ ಸೀರೆ.

"ಆಂಟಿ, ತೂಬು ತೆಗೀರಿ ಆಂಟಿ," ಎಂದ ರೇವಂತ್. "ಇಲ್ಲಾಂದ್ರೆ ಬೈಕ್ ಮಾರಿ ದೋಣಿ ತಗೋತೀನಿ ಅಷ್ಟೆ."

"ನೀರು ಹೊಸಲು ಮುಟ್ಟಿದೆ ಬೈರಕ್ಕ," ಎಂದರು ಮುನಿಯಕ್ಕ. "ಕೀ ಕೊಡು, ಹುಡುಗ್ರು ಹೋಗಿ ತಿರುಗಿಸ್ತಾರೆ."

ಬೈರಮ್ಮನ ಕಣ್ಣ ಮುಂದೆ ಗೂಡು ಬಂತು. ಅದಕ್ಕೆ ನೀರು ಏರಿದರೆ ಭಯವಿಲ್ಲ, ನೀರಿನ ಜೊತೆ ತಾನೂ ಏರುತ್ತದೆ. ಈ ಹುಡುಗರು ಹುರುಪಿನಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿದರೆ ಸಂಜೆಯೊಳಗೆ ಜೊಂಡಿನ ಕಡೆ ಕೆಸರು ಕಾಣುತ್ತದೆ. ಗೂಡು ಕೆಸರಿನ ಮೇಲೆ ಕೂರುತ್ತದೆ. ಕೆಸರಿನ ಮೇಲೆ ನಾಯಿ ನಡೆಯುತ್ತದೆ. ಇನ್ನೆರಡು ಮೂರು ದಿನ ತಡೆದರೆ ಮರಿ ಒಡೆದುಬಿಡುತ್ತದೆ. ಮೊಟ್ಟೆಗಾಗಿ ತೂಬು ತೆಗೆಯುವುದಿಲ್ಲ ಎಂದರೆ ಮುನಿಯಕ್ಕ ಬೀದಿಯಲ್ಲಿ ನಿಂತು ನಗುತ್ತಾರೆ, ಬಾಡಿಗೆಯವರು ಬೈಯುತ್ತಾರೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಯೊಳಗೆ ಓಡಿ, ಬಾಯಿಂದ ಬೇರೆಯೇ ಮಾತು ಬಂತು.

"ಕೋಡಿ ಬಿದ್ದ ಕೆರೆಗೆ ತಂಬಿಟ್ಟಿನಾರತಿ ಆಗದೆ ತೂಬು ಎತ್ತೋ ಹಂಗಿಲ್ಲ. ತುಂಬಿಕೊಂಡು ಬಂದ ಗಂಗಮ್ಮನ್ನ ಆರತಿ ಇಲ್ದೆ ಕಳಿಸ್ತಾರಾ? ನಮ್ಮ ಮಾವ ಇದ್ದಾಗ ಹಿಂಗೇ ನಡ್ಕೊಂಡಿದ್ದು. ಆರತಿ ಮಂಗಳವಾರವೇ ಆಗಬೇಕು."

ಅದು ಊರಿನ ಪದ್ಧತಿಯೇ. ಅಕ್ಕಿಹಿಟ್ಟಿಗೆ ಬೆಲ್ಲ ಕಲಸಿ ತಂಬಿಟ್ಟು ಮಾಡಿ, ಅದರಲ್ಲಿ ಗುಳಿ ಮಾಡಿ ದೀಪ ಹಚ್ಚಿ, ತಟ್ಟೆಯನ್ನು ತಲೆಯ ಮೇಲೆ ಹೊತ್ತು ಹೆಂಗಸರು ಏರಿಗೆ ಹೋಗುತ್ತಿದ್ದುದನ್ನು ಮುನಿಯಕ್ಕನೂ ಕಂಡವರೇ. ಅವರ ಕೈ ತಾನಾಗಿ ಕೆನ್ನೆಗೆ ಹೋಯಿತು. "ಹೌದು ಕಣೆ. ಮರ್ತೇಹೋಗಿತ್ತು."

ರೇವಂತ್ ಮಾತ್ರ, "ಮಂಗಳವಾರದವರೆಗೆ ನಾನು ಈಜು ಕಲೀಬೇಕಾ ಗುರು?" ಎಂದು ಗೊಣಗಿದ.

ಹಿಂದಿದ್ದ ಈಶ್ವರಮ್ಮ ಮುಂದೆ ಬಂದರು. "ಸುಮ್ನಿರಪ್ಪ. ಅಕ್ಕ, ಆರತಿಗೆ ನಾನೂ ಒಂದು ತಟ್ಟೆ ಹೊರ್ತೀನಿ. ನನ್ನದೊಂದು ಸೇರಿಸ್ಕೊಳ್ಳಿ. ಆರತಿ ತಗೊಳ್ಳೋಕೆ ಬಂದಿರೋ ಗಂಗಮ್ಮ ನಮ್ಮ ಮನೇನ ಯಾಕೆ ಮುಳುಗಿಸ್ತಾಳೆ? ಹೊಸಲು ಮುಟ್ಟಿ ಹೋಗ್ತಾಳೆ ಅಷ್ಟೆ."

ಬೈರಮ್ಮ ಒಮ್ಮೆ ದೇವರ ಗೂಡಿನ ಕಡೆ ತಿರುಗಿ ನೋಡಿದರು. ಆದರೂ, "ಹೂಂ, ಬಾ," ಎಂದರು.

ಎಲ್ಲರೂ ಇಳಿದುಹೋದ ಮೇಲೆ ತಿಮ್ಮರಾಯಪ್ಪ ಕುರ್ಚಿಯಿಂದಲೇ ಹೇಳಿದರು: "ನಮ್ಮಪ್ಪ ಒಂದು ಸಲ ಕೋಡಿ ಜೋರಾಗಿ ಬಿದ್ದಾಗ ಒಂದು ತೆಂಗಿನಕಾಯಿ ಒಡೆದು ತೂಬು ಎತ್ಬಿಟ್ಟ. ಆರತಿ ಆಮೇಲೆ ಮಾಡಿಸ್ದ. ನೀನೇ ಪಕ್ಕದಲ್ಲಿ ಲಾಟೀನು ಹಿಡ್ಕೊಂಡು ನಿಂತಿದ್ದೆ."

"ಹಂಗಾದ್ರೆ ಅವ್ರ ಮುಂದೆ ಯಾಕೆ ಬಾಯಿ ಬಿಡ್ಲಿಲ್ಲ?"

"ನಿನ್ನ ಮರ್ಯಾದೆ ಕಳೀಲಾ? ಮಳೆ ನಿಲ್ಲುತ್ತೆ ಬಿಡು ಅನ್ಕೊಂಡೆ." ಅವರು ಆಕಾಶ ನೋಡಿದರು. "ನಿಂತ್ರೆ ಸರಿ."

ಭಾನುವಾರ ಮಳೆಯಲ್ಲೇ ಗುಂಪು ಸೇರಿತು. ಬಂದವರು ಕಡಿಮೆ. ಬೈರಮ್ಮನೂ ಮೇಷ್ಟ್ರೂ ರೇನ್‌ಕೋಟು ಹಾಕಿಕೊಂಡು ಏರಿಯ ಮೇಲೆ ನಿಂತು ಜೊಂಡಿನತ್ತ ನೋಡಿದರು. ಎರಡು ಕೆಂಪು ಪಟ್ಟಿಗಳು ನೆನೆದು ಕಪ್ಪಾಗಿದ್ದವು. ಒಂದು ಗೂಡಿನ ಮೇಲೆ ಹಕ್ಕಿ ಕುಗ್ಗಿ ಕೂತಿತ್ತು.

"ಆರತಿ ಆಗೋವರೆಗೆ ತೂಬು ಎತ್ತಬಾರದಂತೆ, ಹೌದಾ?" ಎಂದರು ಮೇಷ್ಟ್ರು.

"ಹೌದು ಮೇಷ್ಟ್ರೆ."

"ನಾನು ಹೊರಗಿನಿಂದ ಬಂದವನು. ನಿಮ್ಮ ಊರಿನ ಶಾಸ್ತ್ರಕ್ಕೆ ಅಡ್ಡ ಮಾತಾಡೋದು ಸರಿಯಲ್ಲ." ಅವರು ದುರ್ಬೀನಿನ ಗಾಜು ಒರೆಸಿದರು, ಮತ್ತೆ ಒರೆಸಿದರು. ಮುಖವನ್ನು ಮಾತ್ರ ಕೆಳಗಿನ ಬೀದಿಯ ಕಡೆಗೆ ತಿರುಗಿಸಲಿಲ್ಲ. ಬೈರಮ್ಮನೂ ತಿರುಗಿಸಲಿಲ್ಲ. ಅವರ ಬೆನ್ನ ಹಿಂದೆ ಕೋಡಿಯ ನೀರು ಬೀಳುವ ಸದ್ದು ನಿನ್ನೆಗಿಂತ ದಪ್ಪವಾಗಿತ್ತು.

ಆ ಸಂಜೆಯಿಂದ ಮಳೆ ಬಿಡಲೇ ಇಲ್ಲ. ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಬೀದಿಯಿಂದ ಪಾತ್ರೆ ಬಡಿಯುವ ಸದ್ದು, ಕೂಗು ಕೇಳಿ ಬೈರಮ್ಮ ದಿಣ್ಣೆಯಿಳಿದು ಓಡಿದರು. ಸಾಲುಮನೆಗಳ ಮುಂದೆ ನೀರು ಮೊಣಕಾಲು ಮುಟ್ಟುತ್ತಿತ್ತು. ರೇವಂತ್ ಬೈಕನ್ನು ಯಾರದೋ ಜಗಲಿಗೆ ಹತ್ತಿಸುತ್ತಿದ್ದ, ಅವನ ಬಾಯಲ್ಲಿ ಇವತ್ತು ತಮಾಷೆ ಇರಲಿಲ್ಲ. ಬೈರಮ್ಮ ನೀರು ಸೀಳಿಕೊಂಡು ಕೊನೆಯ ಮನೆಗೆ ಹೋದರು.

ಈಶ್ವರಮ್ಮ ಬಾಗಿಲಿಗೆ ಬೆನ್ನು ಹಾಕಿ ನಡುಮನೆಯಲ್ಲಿ ನಿಂತಿದ್ದರು. ಮಗಳು ಮಂಚದ ಮೇಲೆ ಕಾಲು ಮಡಿಸಿಕೊಂಡು, ಒದ್ದೆ ಸೀರೆಗಳ ರಾಶಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಗೋಡೆಯ ಬೀರುವಿನ ಕೆಳಗಿನ ಎರಡು ಅಂಕಣಕ್ಕೆ ನೀರು ನುಗ್ಗಿತ್ತು. ಕುಚ್ಚು ಕಟ್ಟಿ ಮುಗಿಸಿದ್ದ ಸೀರೆಗಳು ಅಲ್ಲಿದ್ದವು. ಒಂದು ಕೆಂಪು ರೇಷ್ಮೆ ಬಣ್ಣ ಬಿಟ್ಟು, ಪಕ್ಕದ ಕೆನೆಬಣ್ಣದ ಸೀರೆಯ ಉದ್ದಕ್ಕೂ ಹರಡಿತ್ತು.

"ಈಶ್ವರಿ," ಎಂದರು ಬೈರಮ್ಮ.

ಈಶ್ವರಮ್ಮ ತಿರುಗಿದರು. ಅಳುತ್ತಿರಲಿಲ್ಲ. ಬೆರಳೆತ್ತಿ ಅಟ್ಟದ ಕಡೆ ತೋರಿಸಿದರು. ಅಲ್ಲಿ ಒಗೆದ ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟ ಒಂದು ಡಬ್ಬಿ, ಪಕ್ಕದಲ್ಲಿ ಹಿತ್ತಾಳೆ ತಟ್ಟೆ, ಹೂಬತ್ತಿ.

"ಹಿಟ್ಟು ನೆನೀಲಿಲ್ಲ ಅಕ್ಕ. ನಿನ್ನೆನೇ ಹಿಟ್ಟು ಮಾಡ್ಸಿ ತಂದಿದ್ದೆ. ಮಡಿಯದು ಅಂತ ಮೊದ್ಲು ಅದನ್ನ ಮೇಲಕ್ಕೆ ಇಟ್ಟೆ. ಸೀರೆ ಇಡೋಕೆ ಜಾಗ ಆಗ್ಲಿಲ್ಲ. ಗಂಗಮ್ಮ ಹೊಸಲು ದಾಟಲ್ಲ ಅಂತ ಇದ್ದೆ." ತಟ್ಟೆಯ ಕಡೆ ನೋಡುತ್ತ, "ಆರತಿ ನಾಳೆ ಅಲ್ವಾ? ನಾನು ಬರ್ತೀನಿ. ಮಾತು ಕೊಟ್ಟಿದೀನಲ್ಲ," ಎಂದರು.

ಬೈರಮ್ಮ ಬಂದ ದಾರಿಯಲ್ಲೇ ನೀರು ಸೀಳಿಕೊಂಡು ಹಿಂದಕ್ಕೆ ಹೊರಟರು. ದಿಣ್ಣೆ ಹತ್ತುವಾಗ ಎರಡು ಸಲ ಜಾರಿಬಿದ್ದರು. ಕೆಸರು ಮೆತ್ತಿದ ಕೈಯಲ್ಲೇ ದೇವರ ಗೂಡಿಗೆ ಕೈ ಹಾಕಿ ಬೀಗದಕೈ ತೆಗೆದರು.

"ಕಾಯಿ ಒಡೆಯೋದು ಬೇಡ್ವಾ?" ಎಂದು ತಿಮ್ಮರಾಯಪ್ಪ ಎದ್ದು ನಿಂತರು.

"ಈಶ್ವರಿ ಮನೇಲಿ ಎಲ್ಲಾ ಒಡ್ದುಹೋಗಿದೆ, ಬನ್ನಿ."

ಗಂಡಹೆಂಡಿರಿಬ್ಬರೂ ಸೇರಿ ಸರಪಳಿ ಬಿಚ್ಚಿದರು. ಫೋನು ಮಾಡಿದ್ದಕ್ಕೆ ಮೇಷ್ಟ್ರು ಆಟೋದಲ್ಲಿ ಬಂದು ಇಳಿದರು. ಅವರು ಬರುವವರೆಗೂ ಬೈರಮ್ಮ ಕಾಯಲಿಲ್ಲ. ಚಕ್ರ ತುಕ್ಕು ಹಿಡಿದು ಬಿಗಿಯಾಗಿತ್ತು. ತಿಮ್ಮರಾಯಪ್ಪ ಹೆಗಲು ಕೊಟ್ಟು ಒತ್ತಿದಾಗ ಕಿರ್ರೆಂದು ಅಲುಗಿತು, ಕಾಲುವೆಯಲ್ಲಿ ನೀರಿನ ಗರ್ಜನೆ ಎದ್ದಿತು.

"ಸ್ವಲ್ಪ ಸ್ವಲ್ಪವೇ ತಿರುಗಿಸೋಣ," ಎಂದರು ಮೇಷ್ಟ್ರು ಏದುಸಿರಿನಲ್ಲಿ. "ನಿಧಾನಕ್ಕೆ ಇಳಿದ್ರೆ ಗೂಡೂ..."

"ಗೂಡಿನ ಮಾತು ಆಡ್ಬೇಡಿ ಮೇಷ್ಟ್ರೆ!" ಬೈರಮ್ಮ ಕಿರುಚಿದರು. "ಅದು ಶಾಸ್ತ್ರಾನೂ ಅಲ್ಲ, ಗೀಸ್ತ್ರಾನೂ ಅಲ್ಲ. ಮೊಟ್ಟೆ ಉಳೀಲಿ ಅಂತ ನಾನು ಆಡಿದ ಸುಳ್ಳು ಅದು. ಮಾವ ಆರತಿಗೆ ಕಾದವರಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. ಮಳೆಯಲ್ಲಿ ಅವರ ಮುಖ ಇನ್ನೂ ವಯಸ್ಸಾದಂತೆ ಕಂಡಿತು.

"ನನಗೆ ಅನುಮಾನ ಇತ್ತು ಬೈರಮ್ಮನವರೇ. ಕೇಳಲಿಲ್ಲ. ಕೇಳದೇ ಇದ್ದರೆ ನನಗೂ ಅನುಕೂಲವಾಗಿತ್ತು."

ಆಮೇಲೆ ಮೂವರೂ ಸೇರಿ ಚಕ್ರವನ್ನು ಕೊನೆಯವರೆಗೂ ತಿರುಗಿಸಿದರು. ಮಧ್ಯಾಹ್ನಕ್ಕೆ ಕೋಡಿ ನಿಂತಿತು, ಸಂಜೆಗೆ ಬೀದಿಯ ನೀರು ಇಳಿದು ಕೆಸರಷ್ಟೇ ಉಳಿಯಿತು.

ಮಂಗಳವಾರ ಬೆಳಿಗ್ಗೆ ಮಳೆ ಹೊಳವಾಗಿತ್ತು. ಆರತಿಗೆ ಮುಂಚೆ ಬೈರಮ್ಮ ಒಬ್ಬರೇ ಕೆರೆಗೆ ಹೋದರು. ಒಂದು ಗೂಡು ನೀರಿನ ಜೊತೆಗೇ ಇಳಿದು, ಜೊಂಡಿನ ನಡುವೆ ಮೊಣಕಾಲಷ್ಟು ನೀರಿನಲ್ಲಿ ತೇಲುತ್ತಿತ್ತು. ಹಕ್ಕಿಯ ಬೆನ್ನಿನ ಗರಿಗಳ ಸಂದಿಯಿಂದ ಪಟ್ಟೆಪಟ್ಟೆಯ ಒಂದು ಪುಟ್ಟ ತಲೆ ಹೊರಗೆ ಇಣುಕುತ್ತಿತ್ತು. ಇನ್ನೊಂದು ಕೆಂಪು ಪಟ್ಟಿಯ ಕೆಳಗೆ ಬರೀ ಕೆಸರು. ಗೂಡು ಮಗುಚಿತ್ತು. ನಾಯಿಯ ಹೆಜ್ಜೆಗಳು ಅಲ್ಲಿಯವರೆಗೆ ಹೋಗಿ ವಾಪಸು ಬಂದಿದ್ದವು. ಬೈರಮ್ಮ ಎರಡನ್ನೂ ನೋಡಿದರು. ಮರಿಯನ್ನು ಕಂಡು ಸಂತೋಷಪಡುವ ಧೈರ್ಯ ಬರಲಿಲ್ಲ, ಮಗುಚಿದ್ದನ್ನು ಕಂಡು ಅಳುವ ಹಕ್ಕೂ ತನಗಿಲ್ಲ ಅನ್ನಿಸಿತು ಎಂದು ನನಗೆ ಹೇಳಿದರು.

ಏರಿಯ ಮೇಲೆ ಹೆಂಗಸರು ತಟ್ಟೆ ಹೊತ್ತು ಸೇರಿದ್ದರು. ಈಶ್ವರಮ್ಮನ ತಟ್ಟೆಯಲ್ಲಿ ತಂಬಿಟ್ಟಿನ ದೀಪಗಳು ಎಲ್ಲರದಕ್ಕಿಂತ ಅಚ್ಚುಕಟ್ಟಾಗಿದ್ದವು, ಮೇಲೆ ಸೇವಂತಿಗೆ ಸಿಕ್ಕಿಸಿದ್ದರು. ಮುನಿಯಕ್ಕ ಹಾಡಿಗೆ ಬಾಯಿ ತೆಗೆಯುವಷ್ಟರಲ್ಲಿ ಬೈರಮ್ಮ ಕೈ ಅಡ್ಡ ಹಿಡಿದರು.

"ಹಾಡೋಕೆ ಮುಂಚೆ ಒಂದು ಮಾತು. ಆರತಿಗೆ ಮೊದ್ಲು ತೂಬು ಎತ್ತಬಾರದು ಅಂತ ನಾನು ಹೇಳಿದ್ದು ಸುಳ್ಳು. ಎತ್ತಬಹುದಿತ್ತು. ಶನಿವಾರವೇ ಎತ್ತಬಹುದಿತ್ತು. ಮುಳುಗುಕೋಳಿ ಮೊಟ್ಟೆ ಇಟ್ಟಿತ್ತು, ಅದಕ್ಕೆ ಎತ್ತಲಿಲ್ಲ."

ಮೊದಲು ಬಾಯಿ ಬಂದದ್ದು ಮುನಿಯಕ್ಕನಿಗೆ.

"ಕೋಳಿ ಮೊಟ್ಟೆಗೆ ಗಂಗಮ್ಮನ ಹೆಸರು ಹೇಳಿದ್ಯಾ! ನಾನು ಕೆನ್ನೆ ಕೆನ್ನೆ ಬಡ್ಕೊಂಡ್ನಲ್ಲೆ, ನನ್ನ ಅಕ್ಕಿಮೂಟೆ ಮುಗ್ಗಿಹೋಯ್ತಲ್ಲೆ! ಮೇಷ್ಟ್ರ ಜೊತೆ ಸೇರಿ ನಿಂಗೂ ಹಕ್ಕಿ ಬುದ್ಧಿ ಬಂತಾ?"

ಬೈರಮ್ಮ ಈಶ್ವರಮ್ಮನನ್ನೇ ನೋಡುತ್ತಿದ್ದರು. ಈಶ್ವರಮ್ಮ ತಲೆಯ ಮೇಲಿನ ತಟ್ಟೆ ಅಲುಗದಂತೆ ಎರಡೂ ಕೈಯಿಂದ ಹಿಡಿದು ನಿಂತಿದ್ದರು. ದೀಪದ ಬೆಳಕು ಅವರ ಹಣೆಯ ಮೇಲೆ ಬಿದ್ದಿತ್ತು.

"ಅಕ್ಕ," ಎಂದರು ನಿಧಾನವಾಗಿ, "ಮೊಟ್ಟೆ ಇದೆ, ಎರಡು ದಿನ ತಡ್ಕೋ ಅಂತ ಒಂದು ಮಾತು ಅಂದಿದ್ರೆ ಸೀರೆನೆಲ್ಲ ನಿಮ್ಮನೆ ದಿಣ್ಣೆಗೆ ಹೊತ್ತು ಹಾಕ್ತಿದ್ದೆ. ನಾನೇನು ಬೇಡ ಅಂತಿದ್ನಾ?"

ಅಷ್ಟೇ ಹೇಳಿ, ಮುಂದೆ ನಡೆದು, ತಟ್ಟೆಯನ್ನು ನೀರಿನಂಚಿಗೆ ಇಳಿಸಿ ಆರತಿ ಬೆಳಗಿದರು. ಉಳಿದವರು ಅವರ ಹಿಂದೆ ಹೋದರು. ಆ ದಿನ ಯಾರೂ ಹಾಡು ಹೇಳಲಿಲ್ಲ.

ಸೀರೆಗಳನ್ನು ಹಿಡಿದುಕೊಂಡು ಕತ್ರಿಗುಪ್ಪೆಗೆ ಹೋದಾಗ ಬೈರಮ್ಮ ತಾವೂ ಬರುತ್ತೇನೆಂದರು. ಈಶ್ವರಮ್ಮ ಬೇಡ ಎಂದರು. ಅಂಗಡಿಯವರ ಮುಂದೆ ನಿಂತು ತಾನೇ ಹೇಳಬೇಕಾದ ಮಾತನ್ನು ಬೇರೆಯವರ ಬಾಯಲ್ಲಿ ಹೇಳಿಸುವುದು ಅವರಿಗೆ ಇಷ್ಟವಿರಲಿಲ್ಲ. ಒಂದು ಅಂಗಡಿಯವರು ಆಗಿದ್ದು ಆಯಿತು ಎಂದು ಮತ್ತೆ ಸೀರೆ ಕೊಟ್ಟರು. ಇನ್ನೊಂದು ಅಂಗಡಿಯವರು ಕೊಡಲಿಲ್ಲ. ಆ ಕೆನೆಬಣ್ಣದ ಸೀರೆ ಯಾರದೋ ಮಗಳ ನಿಶ್ಚಿತಾರ್ಥಕ್ಕೆ ತೆಗೆದದ್ದಂತೆ.

ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ ಬೈರಮ್ಮ ಕೊನೆಯ ಮನೆಯ ಬಾಗಿಲಿಗೆ ಬಂದರು. ಗೋಡೆಯ ಮೇಲೆ ನೀರು ನಿಂತ ಗುರುತು ಇನ್ನೂ ಒಣಗಿರಲಿಲ್ಲ. ಅವರು ಒಳಗೆ ಬರಲಿಲ್ಲ. ಕೈಯಲ್ಲಿ ತೂಬಿನ ಬೀಗದಕೈ ಇತ್ತು.

"ಇದು ಇಲ್ಲಿರ್ಲಿ ಈಶ್ವರಿ. ಮೇಷ್ಟ್ರಿಗೂ ಹೇಳಿದೀನಿ. ನೀರು ಯಾರ ಮನೆಗೆ ಬರುತ್ತೋ ಅವರ ಹತ್ರ ಇರ್ಬೇಕು ಇದು. ದಿಣ್ಣೆ ಮೇಲೆ ಇರೋರ ಹತ್ರ ಅಲ್ಲ."

ಈಶ್ವರಮ್ಮ ಕುಚ್ಚಿನ ದಾರ ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ. "ನಂಗ್ಯಾಕೆ ಅಕ್ಕ ಅದೆಲ್ಲ. ಹಕ್ಕಿ ವಿಚಾರ ನಂಗೆ ಗೊತ್ತಾಗಲ್ಲ."

"ಗೂಡು ಎಲ್ಲೆಲ್ಲಿದೆ ಅಂತ ನಾನು ಬಂದು ಹೇಳ್ತೀನಿ. ತಿರುಗಿಸೋದು ಬಿಡೋದು ನಿಂಗೆ ಬಿಟ್ಟಿದ್ದು."

ಬಾಗಿಲ ಚೌಕಟ್ಟಿನಲ್ಲಿ ಕ್ಯಾಲೆಂಡರಿಗೆಂದು ಹೊಡೆದ ಒಂದು ಮೊಳೆಯಿದೆ. ಬೈರಮ್ಮ ಬೀಗದಕೈಯನ್ನು ಅದಕ್ಕೆ ಸಿಕ್ಕಿಸಿ ಹೊರಟುಹೋದರು. ಈಶ್ವರಮ್ಮ ಅದನ್ನು ತೆಗೆದು ಒಳಗಿಡಲಿಲ್ಲ, ವಾಪಸು ಕೊಡಲೂ ಇಲ್ಲ. ಬೈರಮ್ಮನ ಜೊತೆ ಮೊದಲಿನಂತೆ ಮಾತಾಡುವುದೂ ಇಲ್ಲ. ಎದುರು ಸಿಕ್ಕರೆ "ತಿಂಡಿ ಆಯ್ತಾ ಅಕ್ಕ" ಎನ್ನುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಸುದ್ದಗುಂಟೆಪಾಳ್ಯದಲ್ಲಿ ತಂಗಿಯ ಮನೆಯ ಹತ್ತಿರ ಒಂದು ಮನೆ ಖಾಲಿಯಿದೆಯಂತೆ, ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ.

ಬೈರಮ್ಮ ಭಾನುವಾರಗಳಲ್ಲಿ ಕೆರೆಗೆ ಹೋಗುತ್ತಲೇ ಇದ್ದಾರೆ. ಮುನಿಯಕ್ಕನ ಕುಹಕಕ್ಕೆ ಈಗ ನಕ್ಕಂತೆಯೂ ಮಾಡುವುದಿಲ್ಲ. ಉಳಿದ ಮರಿ ದೊಡ್ಡದಾಗಿ ತಾನೇ ಮುಳುಗಲು ಕಲಿತಿದೆ. ಚಳಿಗಾಲದ ಬಾತುಗಳು ಬಂದಿವೆ. ಬೈರಮ್ಮ ಟೀ ಬಗ್ಗಿಸುವಾಗ ಒಂದು ಲೋಟ ಹೆಚ್ಚಿಗೆ ತಂದಿರುತ್ತಾರೆ. ಯಾರಿಗೆ ಎಂದು ಮೇಷ್ಟ್ರು ಕೇಳುವುದಿಲ್ಲ.

ನಾಳೆ ಭಾನುವಾರ. ಜೊಂಡಿನ ಕಡೆಯ ಬೇಲಿಯಲ್ಲಿ ನಾಯಿ ನುಗ್ಗುವ ಕಂಡಿಗೆ ಬಲೆ ಕಟ್ಟುತ್ತಾರಂತೆ. ನನಗೆ ಗಂಟು ಹಾಕುವುದು ಚೆನ್ನಾಗಿ ಬರುತ್ತದೆ. ಅಮ್ಮನಿಗೆ ಹೇಳಿ, ಬೆಳಿಗ್ಗೆ ನಾನು ಹೋಗುತ್ತೇನೆ.